ಬೆಟ್ಟ ಕಾಣುವ ರೂಮು

ಮೂವತ್ತೊಂದು ವರ್ಷ ರೂಮು ಕೊಟ್ಟವನು ನಾನು.
ಚಿಕ್ಕಬಳ್ಳಾಪುರ, ಹಳೇ ಬಸ್ ಸ್ಟ್ಯಾಂಡ್ ಹಿಂದೆ,
ಗಿರಿದರ್ಶಿನಿ ಲಾಡ್ಜು, ಹದಿನಾಲ್ಕು ಬೀಗದ ಕೈ.
ಇವತ್ತು ಮೊದಲ ಸಲ
ಕೌಂಟರಿನ ಈಚೆ ನಿಂತಿದ್ದೇನೆ:
ಸ್ವಾಮೀ, ರೂಮಿದೆಯಾ?

ಉಗಾಂಡ ಎಲ್ಲಿ ಅಂತ ಕೇಳಬೇಡಿ,
ನನಗೂ ಹೋದ ತಿಂಗಳು ಗೊತ್ತಾಯಿತು.
ನಾಗವೇಣಿಗೆ ಗೊತ್ತಿತ್ತು.
ಒಂಬತ್ತನೇ ನಂಬರಿನಲ್ಲಿದ್ದ ಹಕ್ಕಿ ಫೋಟೋದವನೊಬ್ಬ
ಬಾಡಿಗೆ ಬಾಕಿಯ ಬದಲು ಬಿಟ್ಟುಹೋದ ಚಿತ್ರ:
ಗೊರಿಲ್ಲಾದ ಬರೀ ಕೈ.
ಉಗುರು, ಗೆಣ್ಣು, ಅಂಗೈಗೆರೆ.
ಹನ್ನೊಂದು ವರ್ಷ ಅದು ದುಪ್ಪಟಿಗಳ ಬೀರುವಿನಲ್ಲಿ,
ನುಸಿಗುಳಿಗೆಯ ಪಕ್ಕ.
ಚೀಟಿ ಎತ್ತಿದ ದಿನ ಅವಳು ಬಂಗಾರ ಅನ್ನಲಿಲ್ಲ,
ಬೀರು ತೆಗೆದಳು.

ಮೊದಲು ಪರ್ಮಿಟ್ಟು, ಆಮೇಲೆ ಹಾಸಿಗೆ.
ಒಂದೇ ಕಾಡಿಗೆ ನಾಲ್ಕು ಬಾಗಿಲು:
ಬುಹೋಮ, ರುಹೀಜ, ರುಶಾಗ, ಎನ್‌ಕುರಿಂಗೊ.
ಯಾವ ಬಾಗಿಲಿಗೆ ಪರ್ಮಿಟ್ಟೋ ಆ ಬಾಗಿಲಲ್ಲೇ ಮಲಗಬೇಕು;
ನಕಾಶೆಯಲ್ಲಿ ಗೇಣು, ರಸ್ತೆಯಲ್ಲಿ ಅರ್ಧ ದಿನ.
ಇದು ನನಗೆ ಹೊಸದಲ್ಲ.
"ನಂದಿ ಇಲ್ಲೇ ಅಲ್ವಾ" ಅಂತ ರಾತ್ರಿ ಎರಡಕ್ಕೆ ಮಲಗಿ,
ಐದೂವರೆಗೆ ಎದ್ದು, ಗೇಟಿನ ಸಾಲಿನಲ್ಲಿ ಸಿಕ್ಕಿಕೊಂಡು,
ಸೂರ್ಯನನ್ನು ಮುಂದಿನ ಕಾರಿನ ಗಾಜಿನಲ್ಲಿ ನೋಡಿ ಬಂದವರು
ಎಷ್ಟು ಜನ ನನಗೆ ಬೈದಿಲ್ಲ!

ಒಂದು ಗಂಟೆ ನೋಡುವುದಕ್ಕೆ ಅಷ್ಟು ಬೆಲೆ:
ನಮ್ಮ ಒಂಬತ್ತನೇ ನಂಬರಿಗೆ ನೂರು ರಾತ್ರಿ.
"ನಮ್ಮ ಬೆಟ್ಟದ ಕೋತಿ ಬಿಟ್ಟಿ ಸಾರ್,
ಕನ್ನಡಕಾನೂ ಕಿತ್ಕೊಂಡು ಕಳಿಸ್ತವೆ,"
ಅಂದ ಅಂಜಿನಪ್ಪ, ಬಕೆಟ್ಟು ಕೆಳಗಿಡದೆ.

ಫೋಟೋಗಳನ್ನು ನಾನು ನಂಬುವುದಿಲ್ಲ.
ಮಂಚದ ಮೇಲೆ ಹಂಸದ ಹಾಗೆ ಮಡಿಸಿದ ಟವೆಲು ಕಂಡರೆ
ಗೋಡೆಯ ತೇವ ಎಲ್ಲಿ ಅಂತ ಹುಡುಕುತ್ತೇನೆ.
ಬಾಲ್ಕನಿಯಿಂದ ಮಂಜು, ಮಂಜಿನಾಚೆ ಕಾಡು,
ಸ್ನಾನದ ತೊಟ್ಟಿಯಿಂದಲೂ ಕಾಡು.
ಇರಬಹುದು.
ನನ್ನ ಬೋರ್ಡಿನಲ್ಲೂ ಬರೆದಿದೆ: ಬೆಟ್ಟ ಕಾಣುವ ರೂಮುಗಳು.
ಕಾಣುತ್ತದೆ,
ತಾರಸಿ ಹತ್ತಿ, ನೀರಿನ ಟ್ಯಾಂಕಿನ ಮೇಲೆ ನಿಂತು,
ಕಲ್ಯಾಣಮಂಟಪದ ಎಡಕ್ಕೆ ಕತ್ತು ಚಾಚಿದರೆ.

ನಾಗವೇಣಿಯ ಪ್ರಶ್ನೆಗಳೇ ಬೇರೆ.
ಅಷ್ಟು ಕೆಸರಿನ ಬಟ್ಟೆ ಯಾರು ಒಗೀತಾರೆ?
ಆ ಮಳೇಲಿ ದುಪ್ಪಟಿ ಎಲ್ಲಿ ಒಣಗತ್ತೆ?
ಮೆಟ್ಟಿಲೆಷ್ಟು? (ಕೇಳುವುದು ಅವಳ ಬಲಮಂಡಿ.)
ಡೋಲಿಯೂ ಸಿಗತ್ತಂತೆ, ಜನ ಹೊರ್ತಾರಂತೆ, ಅಂದೆ.
"ಹೊತ್ಕೊಂಡು ಹೋಗೋದು ಒಂದು ಸಲ ಸಾಕು," ಅಂದಳು.

ಕೊನೆಗೆ ಒಬ್ಬಾಕೆ, ರುಶಾಗದ ಗೇಟಿಗೆ ಅರ್ಧ ಮೈಲಿ,
ಆರು ರೂಮಿನ ಯಜಮಾನಿ, ಉತ್ತರ ಬರೆದಳು:
ರೂಮಿನಿಂದ ಕಾಡು ಕಾಣುವುದಿಲ್ಲ, ಅಡುಗೆಮನೆ ಹಿಂದಕ್ಕೆ ಹೋಗಬೇಕು.
ಬಿಸಿನೀರು ಬಕೆಟ್ಟಿನಲ್ಲಿ, ಹೇಳಿದ ಹೊತ್ತಿಗೆ.
ಮೆಟ್ಟಿಲು ಒಂಬತ್ತು.
ದುಪ್ಪಟಿ ಒಲೆಯ ಮೇಲೆ ಒಣಗಿಸುತ್ತೇವೆ,
ಹೊಗೆವಾಸನೆ ಇರುತ್ತದೆ, ಕ್ಷಮಿಸಿ.
ನೆಗಡಿ ಇದ್ದರೆ ಬರಬೇಡಿ, ಅವಕ್ಕೆ ಅಂಟುತ್ತದೆ.

ನಾಗವೇಣಿ ಎರಡು ಸಲ ಓದಿಸಿದಳು.
"ಇಲ್ಲೇ," ಅಂದಳು.

ಅಡಿಯಲ್ಲಿ ಇನ್ನೂ ಒಂದು ಮಾತಿತ್ತು:
ಅವು ದಿನಾ ಸಂಜೆ ಸೊಪ್ಪು ಬಗ್ಗಿಸಿ ಹೊಸ ಹಾಸಿಗೆ ಮಾಡಿಕೊಳ್ಳುತ್ತವೆ,
ಬೆಳಿಗ್ಗೆ ಬಿಟ್ಟದ್ದಕ್ಕೆ ಮರಳುವುದಿಲ್ಲ.
ಹಾಸಿಗೆ ಎಣಿಸಿ ಸಂಸಾರ ಎಷ್ಟೆಂದು ತಿಳಿಯುತ್ತಾರೆ.

ರಾತ್ರಿಯೆಲ್ಲ ಅದೇ.
ಒಬ್ಬರ ತಲೆಯ ಗುಳಿಯನ್ನು ಕೊಡವಿ
ಇನ್ನೊಬ್ಬರಿಗೆ ಕೊಟ್ಟುಕೊಂಡು ಬಂದೆವು.
ಎಣಿಸಿದ್ದು ಬೀಗದ ಕೈ.
ನಾವಿಬ್ಬರು ಮಲಗಿದ್ದು ಒಂದೇ ಮಂಚ,
ಕೌಂಟರಿನ ಹಿಂದೆ, ಗಂಟೆ ಬಡಿದರೆ ಕೇಳುವಷ್ಟು ದೂರ.
ಅವಳು ಎಲ್ಲೂ ಗಿರಾಕಿಯಾಗಿರಲೇ ಇಲ್ಲ.

ಹನ್ನೆರಡೂವರೆಗೆ ಯಾರೋ ಬಡಿದರು.
ಹುಡುಗ, ಹುಡುಗಿ, ಹೆಲ್ಮೆಟ್ಟಿನ ಮೇಲೆ ಇಬ್ಬನಿ.
"ಬೆಟ್ಟ ಕಾಣೋ ರೂಮು ಇದೆಯಾ ಅಂಕಲ್?"
ಇದೆ ಅನ್ನುವುದು ನಾಲಗೆಯ ಮೇಲೇ ಇತ್ತು.
ಒಳಗಿಂದ ನಾಗವೇಣಿ ಕೆಮ್ಮಿದಳು.
ನೆಗಡಿಯ ಕೆಮ್ಮಲ್ಲ,
ನನಗೆ ಗೊತ್ತು.